ಲೋಕ ಅದಾಲತ್‌ನಲ್ಲಿ ಅಪಘಾತ ಪರಿಹಾರ: ದುಡ್ಡು ಬೇಗ ಬರುತ್ತದೆ, ಲೆಕ್ಕ ಮಾತ್ರ ನೀವೇ ಹಾಕಿಕೊಂಡು ಹೋಗಿ

ಕೈಕಾಲು ಮುರಿದ ಎಂವಿಸಿ (ಮೋಟಾರು ಅಪಘಾತ ಪರಿಹಾರ) ಕೇಸನ್ನು ಲೋಕ ಅದಾಲತ್‌ನಲ್ಲಿ, ಅಂದರೆ ಎರಡೂ ಕಡೆಯವರ ರಾಜಿಯಲ್ಲೇ ಕೇಸು ಮುಗಿಸುವ ಬೈಠಕ್‌ನಲ್ಲಿ, ಮುಗಿಸಿಕೊಳ್ಳಬಹುದೇ? ಮೂಳೆ ಕೂಡಿದೆ, ಎದುರು ಗಾಡಿಗೆ ಇನ್ಶೂರೆನ್ಸ್ ಇದೆ, ಚಾರ್ಜ್‌ಶೀಟ್ ಆ ಡ್ರೈವರ್ ಮೇಲೇ ಆಗಿದೆ ಎಂದಾದರೆ ಧಾರಾಳವಾಗಿ. ತಲೆಗೆ ಪೆಟ್ಟು ಬಿದ್ದ, ಅಂಗ ಹೋದ, ಚಿಕಿತ್ಸೆ ಇನ್ನೂ ಮುಗಿಯದ ಕೇಸುಗಳನ್ನು ಅವಸರದಲ್ಲಿ ಅಲ್ಲಿಗೆ ಒಯ್ಯಬೇಡಿ. ಡ್ರೈವರ್‌ಗೆ ಲೈಸೆನ್ಸ್ ಇಲ್ಲ, ಪಾಲಿಸಿ ಮುಗಿದಿತ್ತು ಎಂಬಂಥ ತಕರಾರಿದ್ದರೆ ಇನ್ಶೂರೆನ್ಸ್ ಕಂಪನಿ ಸಾಮಾನ್ಯವಾಗಿ ರಾಜಿಗೇ ಬರುವುದಿಲ್ಲ.

ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಸಲ ಕೂರುತ್ತದೆ, ಸಾಮಾನ್ಯವಾಗಿ ಶನಿವಾರ. ಅದಕ್ಕೆ ಶುಲ್ಕವಿಲ್ಲ. ಆದರೆ ಆ ಶನಿವಾರ ನಡೆಯುವುದು ಬಹುಮಟ್ಟಿಗೆ ಸಹಿ ಮಾತ್ರ. ಚೌಕಾಸಿಯೆಲ್ಲ ಅದಕ್ಕೂ ಮುಂಚಿನ ಪೂರ್ವಭಾವಿ ಸಿಟ್ಟಿಂಗ್‌ಗಳಲ್ಲಿ. ಕಂಪನಿಯ ಪ್ಯಾನೆಲ್ ವಕೀಲರು ಸ್ವಂತಕ್ಕೆ ಮೊತ್ತ ಒಪ್ಪುವಂತಿಲ್ಲ, ಆಫೀಸಿನಿಂದ ಮಂಜೂರಾತಿ ತರಬೇಕು. ಹಾಗಾಗಿ ಎಫ್‌ಐಆರ್, ಚಾರ್ಜ್‌ಶೀಟ್, ಐಎಂವಿ ವರದಿ (ಮೋಟಾರು ವಾಹನ ಇನ್‌ಸ್ಪೆಕ್ಟರ್ ಗಾಡಿ ನೋಡಿ ಬರೆದದ್ದು), ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳ ಪ್ರತಿಯನ್ನು ಮೊದಲೇ ಕೊಟ್ಟಿಡಿ. ಒಂದು ಕಾಗದ ಕಡಿಮೆ ಬಿದ್ದರೂ ಫೈಲು ಮುಂದಿನ ಅದಾಲತ್‌ಗೆ ಜಾರುತ್ತದೆ.

ಇನ್ನು ಮೊತ್ತದ ಮಾತು. ಜನ ಮೋಸ ಹೋಗುವುದೇ ಇಲ್ಲಿ. 32 ವರ್ಷದ ಗಾರೆ ಕೆಲಸದವರೊಬ್ಬರ ಕಾಲು ಮುರಿದಿದೆ, ತಿಂಗಳ ಸಂಪಾದನೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಡಾಕ್ಟರು ಆ ಕಾಲಿಗೆ ಶೇ 36 ಊನ ಎಂದು ಬರೆದರೆ, ಅಪಘಾತ ಪರಿಹಾರ ಕೇಸು ನಡೆಸುವ ನಮ್ಮ ನ್ಯಾಯಮಂಡಳಿಗಳ ರೂಢಿಯಂತೆ ಮೂರನೇ ಒಂದು ಭಾಗ, ಅಂದರೆ ಶೇ 12, ಇಡೀ ದೇಹದ ಊನ. 31ರಿಂದ 35 ವಯಸ್ಸಿನವರಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದ ಗುಣಕ, ಅಂದರೆ ವರ್ಷದ ಸಂಪಾದನೆಯನ್ನು ಗುಣಿಸುವ ಅಂಕಿ, 16. 15,000 ಗುಣಿಸು 12 ತಿಂಗಳು ಗುಣಿಸು 16, ಅದರಲ್ಲಿ ಶೇ 12 ಎಂದರೆ 3,45,600. ಕಂಪನಿಯ ಆಫರ್ ಹೆಚ್ಚಾಗಿ ಈ ಅಂಕಿಯ ಆಸುಪಾಸಿನಲ್ಲೇ ಶುರುವಾಗುತ್ತದೆ.

ಆದರೆ ಏಣಿ ಹತ್ತಲಾಗದ ಗಾರೆಯವರಿಗೆ ಆಗುವ ನಷ್ಟ ಶೇ 12 ಮಾತ್ರವೇ? ದೇಹದ ಊನವೇ ಬೇರೆ, ಸಂಪಾದನೆಯ ನಷ್ಟವೇ ಬೇರೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಬಿಡಿಸಿ ಹೇಳಿದೆ: ಎಡಗೈ ಹೋದ ಡ್ರೈವರ್ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಲ್ಲಬಹುದು, ಗುಮಾಸ್ತರದ್ದು ಹಾಗಲ್ಲ. ಕಸುಬನ್ನು ನೋಡಿ ಶೇ 20 ಎಂದು ಒಪ್ಪಿಸಿದರೆ ಅದೇ ಲೆಕ್ಕ 5,76,000 ಆಗುತ್ತದೆ. 40ರೊಳಗಿನ ಸ್ವಂತ ದುಡಿಮೆಯವರಿಗೆ ಭವಿಷ್ಯದ ಆದಾಯವೆಂದು ಶೇ 40 ಸೇರಿಸಬೇಕೆಂಬುದು 2017ರ ತೀರ್ಪು. ಗಾಯದ ಕೇಸಿಗೂ ಅದು ಸಲ್ಲುತ್ತದೆಂದು 2020ರಲ್ಲಿ ಹೇಳಲಾಯಿತು. ಅದನ್ನೂ ಕೂಡಿಸಿದರೆ 8,06,400. ನೋವು, ಬಿಲ್ಲು, ಕೆಲಸ ತಪ್ಪಿದ ತಿಂಗಳುಗಳ ಬಾಬತ್ತು ಇದರ ಮೇಲೆ. ಪೂರ್ತಿ ಸಿಗುತ್ತದೆಂದಲ್ಲ, ರಾಜಿ ಎಂದ ಮೇಲೆ ಬಿಟ್ಟುಕೊಡಲೇಬೇಕು. ಎಷ್ಟು ಬಿಟ್ಟುಕೊಡುತ್ತಿದ್ದೀರಿ ಎಂಬುದಾದರೂ ಗೊತ್ತಿರಲಿ.

ಒಳಗೆ ರಾಡು, ಪ್ಲೇಟು ಇದ್ದರೆ ಅದನ್ನು ತೆಗೆಸುವ ಆಪರೇಷನ್ನಿಗೆ ಅಂದಾಜು ಖರ್ಚಿನ ಪತ್ರವನ್ನು ಆಸ್ಪತ್ರೆಯಿಂದ ಬರೆಸಿಕೊಂಡು ಹೋಗಿ. ಸಹಿ ಬಿದ್ದ ಮೇಲೆ ಆ ಖರ್ಚು ಕೇಳಲು ಬಾಗಿಲಿಲ್ಲ.

ರಾಜಿಯ ಷರತ್ತು ಬರೆದು ಎರಡೂ ಕಡೆಯವರು ಸಹಿ ಮಾಡುವ ಜಂಟಿ ಮೆಮೊವನ್ನು ಓದಿಸಿಕೊಂಡು ಸಹಿ ಹಾಕಿ. ಮೊತ್ತ ಬಡ್ಡಿ ಸೇರಿಯೋ, ಬಡ್ಡಿ ಬೇರೆಯೋ? 'ಗ್ಲೋಬಲ್' ಎಂದು ಬರೆದಿದ್ದರೆ ಬಡ್ಡಿ ಅದರೊಳಗೇ ಮುಗಿಯಿತು. ಅರ್ಜಿ ಹಾಕಿದ ದಿನದಿಂದ ಶೇ 6ರಂತೆ, 5 ಲಕ್ಷಕ್ಕೆ ಎರಡು ವರ್ಷಕ್ಕೆ 60,000 ರೂಪಾಯಿ. ಕಂಪನಿ 'ಕೊನೆಗೆ ಐವತ್ತು ಸಾವಿರ ಏರಿಸಿದೆವು' ಎನ್ನುವ ಔದಾರ್ಯ ಎಷ್ಟೋ ಸಲ ಇದೇ ದುಡ್ಡು. ಎಷ್ಟು ದಿನದಲ್ಲಿ ಜಮೆ, ತಪ್ಪಿದರೆ ಎಷ್ಟು ಬಡ್ಡಿ, ಎಷ್ಟು ಎಫ್‌ಡಿ, ಎಷ್ಟು ಕೈಗೆ ಎಂಬುದೂ ಅದರಲ್ಲಿರಬೇಕು.

ಈ ಸೇವೆಯ ದೊಡ್ಡ ಗುಣವೂ ದೊಡ್ಡ ಅಪಾಯವೂ ಒಂದೇ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 21ರ ಪ್ರಕಾರ ಅದಾಲತ್‌ನ ಆದೇಶದ ಮೇಲೆ ಅಪೀಲಿಲ್ಲ. ಕಂಪನಿ ಅಪೀಲೆಂದು ಹೈಕೋರ್ಟಿಗೆ ಎಳೆದಾಡುವಂತಿಲ್ಲ, ನೀವೂ ಕಡಿಮೆಯಾಯಿತೆಂದು ಹೋಗುವಂತಿಲ್ಲ. ಉಳಿಯುವುದು ಸಂವಿಧಾನದಡಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ ಒಂದೇ, ಅದಕ್ಕೂ ಕಾರಣಗಳು ಬಹಳ ಕಮ್ಮಿ. ಹಾಗೆಂದು ಯಾರೂ ನಿಮ್ಮನ್ನು ಬಲವಂತವಾಗಿ ರಾಜಿಗೆ ಒಪ್ಪಿಸುವಂತಿಲ್ಲ. ಅದಾಲತ್‌ಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ, ಪಂಜಾಬಿನ ಅಪಘಾತ ಪ್ರಕರಣವೊಂದರಲ್ಲೇ, ಹೇಳಿದೆ. ಬೇಡವೆಂದರೆ ಫೈಲು ಇದ್ದ ಕೋರ್ಟಿಗೇ ವಾಪಸು, ಕೇಸಿಗೆ ನಷ್ಟವಿಲ್ಲ.

ಒಪ್ಪಿದ ಗಡುವಿನೊಳಗೆ ಕಂಪನಿ ದುಡ್ಡು ಕಟ್ಟದಿದ್ದರೆ ಹೊಸ ಕೇಸು ಬೇಕಿಲ್ಲ. ಅದಾಲತ್‌ನ ಆದೇಶ ಸಿವಿಲ್ ಡಿಕ್ರಿಗೆ ಸಮ. ದೃಢೀಕೃತ ಪ್ರತಿ ತೆಗೆದುಕೊಂಡು ಅದೇ ನ್ಯಾಯಮಂಡಳಿಯಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಿ.