ನಿಲಸ್ಕಲ್ ನಿಲುಗಲ್ಲುಗಳು: ನಗರದ ಕೋಟೆ ನೋಡಿ ಹಂಗೇ ವಾಪಸ್ ಹೋಗ್ಬೇಡಿ

ಐದಕ್ಕೆ ಐದು ಸ್ಟಾರ್. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿಗೆ ಬರೋರೆಲ್ಲ ನಗರ ಅನ್ನೋ ಊರಿನ ಕೋಟೆ, ದೇವಗಂಗೆ ಕೊಳ, ಕೊಡಚಾದ್ರಿ ಇಷ್ಟು ನೋಡ್ಕೊಂಡು ಗಾಡಿ ತಿರುಗಿಸ್ತಾರೆ, ಅಲ್ಲೇ ಹತ್ತಿರ ಇರೋ ನಿಲಸ್ಕಲ್, ಬೈಸೆ ಊರುಗಳ ಹಳೇ ನಿಲುಗಲ್ಲುಗಳ ಕಡೆ ಯಾರೂ ಹೋಗಲ್ಲ, ನಂಗೆ ಇದು ನಿಜವಾಗ್ಲೂ ಬೇಜಾರಿನ ವಿಷಯ. ನಿಲ್ಲಿಸಿದ ಕಲ್ಲು, ಅದೇ ನಿಲಸ್ಕಲ್, ಊರಿಗೇ ಕಲ್ಲಿನ ಹೆಸರು ನೋಡಿ.

ನಾವು ಹೋಗಿದ್ದು ಡಿಸೆಂಬರ್ ಕೊನೇಲಿ. ಮೊಬೈಲ್ ಮ್ಯಾಪ್ ನಂಬ್ಕೊಂಡು ಯಾರದೋ ಅಡಿಕೆ ತೋಟದ ಬೇಲಿ ಹತ್ರ ಹೋಗಿ ನಿಂತ್ವಿ, ಕೊನೆಗೆ ಹಾಲು ತಗೊಂಡು ಹೋಗ್ತಿದ್ದ ಒಬ್ಬರು ದಾರಿ ತೋರ್ಸಿದ್ರು. ಟಿಕೆಟ್ ಇಲ್ಲ, ಗೈಡ್ ಇಲ್ಲ, ಟೀ ಅಂಗಡಿ ಇಲ್ಲ. ನೀರು, ಬುತ್ತಿ ನೀವೇ ತಗೊಂಡು ಹೋಗಿ.

ಮೊದಲನೇ ಕಲ್ಲು ನೋಡ್ದಾಗ ಕಂಬ ಇದ್ದಂಗೆ ಇರುತ್ತೆ ಅಂದ್ಕೊಂಡಿದ್ದೆ, ಆದ್ರೆ ಅದು ಚಪ್ಪಡಿ, ನನಗಿಂತ ಎತ್ತರ, ಪಕ್ಕದಿಂದ ನೋಡಿದ್ರೆ ತೆಳ್ಳಗೆ, ಎದುರಿಂದ ನೋಡಿದ್ರೆ ಅಗಲ. ಫೋನಿನ ದಿಕ್ಸೂಚಿ ಹಿಡಿದು ನೋಡ್ದೆ, ಉದ್ದಕ್ಕೆ ಉತ್ತರ-ದಕ್ಷಿಣ, ಅಗಲದ ಮುಖ ಪೂರ್ವಕ್ಕೆ. ಮುಂದಿನದೂ ಹಂಗೇ, ಅದರ ಮುಂದಿನದೂ ಹಂಗೇ. ಮಂಜು ಸರಿದು ಬಿಸಿಲು ಬಿತ್ತು ನೋಡಿ, ಬೂದು ಬಣ್ಣದ ಪಾಚಿ ಹಿಡಿದ ಆ ಮುಖ ಪೂರ್ತಿ ಬೆಳಗ್ತು, ಕೈ ಇಟ್ರೆ ಹಿಂದಿನ ಕಡೆ ಇನ್ನೂ ಐಸ್ ಇದ್ದಂಗೆ ತಣ್ಣಗಿತ್ತು.

ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮತ್ತವರ ಜೊತೆಯವರು ಇಲ್ಲಿ ಅಳತೆ ಮಾಡಿ, ಕೆಲವು ಕಲ್ಲುಗಳನ್ನ ಎರಡೆರಡಾಗಿ ಒಂದೇ ಗೆರೇಲಿ ಹಿಡಿದು ನೋಡಿದ್ರೆ ವರ್ಷದ ಅತಿ ಉದ್ದ ಮತ್ತು ಅತಿ ಚಿಕ್ಕ ಹಗಲಿನ ದಿನ ಸೂರ್ಯ ಹುಟ್ಟೋ ಮುಳುಗೋ ದಿಕ್ಕು ಸಿಗುತ್ತೆ ಅಂತ ಬರೆದಿದ್ದಾರೆ. ಕಲ್ಲುಗಳನ್ನ ಬೃಹತ್ ಶಿಲಾಯುಗದ್ದು, ಅಂದ್ರೆ ಹಿಂದೆ ಜನ ದೊಡ್ಡ ದೊಡ್ಡ ಕಲ್ಲು ನೆಡ್ತಿದ್ದ ಕಾಲದ್ದು ಅಂತಾರೆ, ಆದ್ರೆ ಮೇಲೆ ಒಂದಕ್ಷರ ಇಲ್ಲ, ನೆಟ್ಟೋರು ಯಾರು ಅಂತ ಹೇಳೋ ಶಾಸನ ಇಲ್ಲ. ಕೆಳದಿ ಅರಸರ ಬಿದನೂರು, ಅಂದ್ರೆ ಈಗಿನ ನಗರ, ಇಷ್ಟು ಪಕ್ಕದಲ್ಲಿದ್ರೂ ಅವರಿಗೂ ಇದು ಹಳೇದೇ ಆಗಿರ್ಬೇಕು ಅಂತ ನನ್ನ ಅನಿಸಿಕೆ.

ನನ್ನ ತಲೇಲಿ ಕೂತಿರೋ ಪ್ರಶ್ನೆ ಒಂದೇ. ನಮ್ ಮಲೆನಾಡಲ್ಲಿ ಅತಿ ಉದ್ದ ಹಗಲಿನ ಜೂನ್ 21ಕ್ಕೆ ಮಳೆ ಹಿಡಿದುಬಿಟ್ಟಿರುತ್ತೆ, ಎಷ್ಟೋ ದಿನ ಸೂರ್ಯನ ಮುಖಾನೇ ಕಾಣಲ್ಲ, ಅಂಥ ಜಾಗದಲ್ಲಿ ಆ ದಿನದ ಸೂರ್ಯನಿಗೆ ಗುರಿ ಹಿಡಿದು ಇಷ್ಟು ಭಾರದ ಕಲ್ಲು ನೆಟ್ರು ಅಂದ್ರೆ ಎಷ್ಟು ವರ್ಷ ಕಾದು ನೋಡಿದ್ರೋ!

ಹೋಗೋರಿಗೆ ಎರಡು ಮಾತು. ಮಳೆಗಾಲದಲ್ಲಿ ಬೇಡ, ಉಂಬಳ (ಜಿಗಣೆ) ಕಾಟ, ಕಲ್ಲೂ ಸರಿಯಾಗಿ ಕಾಣಲ್ಲ. ಸುಣ್ಣ, ಪೇಂಟ್, ಹೆಸರು ಕೆತ್ತೋದು ದಯವಿಟ್ಟು ಮಾಡ್ಬೇಡಿ, ಬಿದ್ದಿರೋ ಕಲ್ಲನ್ನ ಫೋಟೋಗೆ ಅಂತ ಎತ್ತಿ ನಿಲ್ಲಿಸೋಕೂ ಹೋಗ್ಬೇಡಿ, ಅದು ಬಿದ್ದಿರೋ ಜಾಗನೇ ಅಳತೆ ಮಾಡೋರಿಗೆ ಲೆಕ್ಕ. ನಾವು ಹೋಗಿದ್ದು ಅತಿ ಚಿಕ್ಕ ಹಗಲಿನ ದಿನಕ್ಕಿಂತ ಎರಡು ದಿನ ತಡ ಆಗಿತ್ತು, ಈ ಸಲ ಡಿಸೆಂಬರ್ 21ರ ರಾತ್ರಿನೇ ಹೊಸನಗರದಲ್ಲಿ ಉಳ್ಕೊಂಡು ಬೆಳಗ್ಗೆ ಕತ್ತಲಲ್ಲೇ ಹೋಗಿ ಜೋಡಿ ಕಲ್ಲಿನ ಹಿಂದೆ ನಿಲ್ತೀನಿ.