ಜಪಾನಿನಲ್ಲಿ ಮೊಸರು: ಅಂಗಡಿಯ ಡಬ್ಬ, ಕ್ಯಾಸ್ಪಿಯನ್ ಹೆಪ್ಪು ಮತ್ತು ಯೋಗರ್ಟ್ ಮೇಕರ್

ಟೋಕಿಯೋದಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೇಳೆ, ಹುಣಸೆ, ಇಂಗು, ಸಾಸಿವೆಗಳೆಲ್ಲ ನಿಶಿ-ಕಸಾಯಿ ಅಥವಾ ಶಿನ್-ಓಕುಬೋದ ಅಂಗಡಿಗಳಲ್ಲಿ ದೊರೆಯುತ್ತವೆ. ಊಟದ ಕೊನೆಗೆ ಬೇಕಾಗುವ ಮೊಸರನ್ನು ಮಾತ್ರ ಪ್ರತಿಯೊಂದು ಮನೆಯವರೂ ತಮ್ಮದೇ ರೀತಿಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಸೂಪರ್ ಮಾರ್ಕೆಟ್ಟಿನ ಡಬ್ಬದ ಮೊಸರು, ಬಿಸಿಯ ಅಗತ್ಯವಿಲ್ಲದೆ ಹೆಪ್ಪುಗಟ್ಟುವ ಕ್ಯಾಸ್ಪಿಯನ್ ಸಮುದ್ರದ ಮೊಸರು, ಹಾಲಿನ ಪೆಟ್ಟಿಗೆಯನ್ನೇ ಒಳಗಿಟ್ಟು ಬೆಚ್ಚಗೆ ಕಾಯುವ ಯೋಗರ್ಟ್ ಮೇಕರ್ ಯಂತ್ರ ಎಂಬ ಮೂರನ್ನೂ ನಾನು ಬಳಸಿ ನೋಡಿದ್ದೇನೆ. ಇವುಗಳಲ್ಲಿ ಯಂತ್ರವೇ ನನಗೆ ಮೆಚ್ಚುಗೆಯಾದದ್ದು. ನಮ್ಮದು ಎರಡು ಹೊತ್ತೂ ಮೊಸರನ್ನ ಉಣ್ಣುವ ಮನೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಡಬ್ಬದ ಮೊಸರಿನಲ್ಲಿ ದೂರುವಂಥದ್ದು ಹೆಚ್ಚೇನೂ ಇಲ್ಲ. 1970ರ ಓಸಾಕಾ ವಿಶ್ವ ಮೇಳದ ಬಲ್ಗೇರಿಯಾ ಮಂಟಪದಲ್ಲಿ ಸಿಹಿಯಿಲ್ಲದ ಮೊಸರಿನ ರುಚಿ ಕಂಡ ಮೇಲೆ ಮೇಜಿ ಕಂಪನಿ ಸಾದಾ ಮೊಸರನ್ನು ಮಾರುಕಟ್ಟೆಗೆ ತಂದಿತು. 1973ರಿಂದ ಅದು ಬಲ್ಗೇರಿಯಾದ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಇಂದು ಅದರ 400 ಗ್ರಾಂ ಡಬ್ಬ ಇಲ್ಲದ ಸೂಪರ್ ಮಾರ್ಕೆಟ್ ಅಪರೂಪ. ಸಸ್ಯಾಹಾರಿಗಳು ಮಾತ್ರ ನಾಲ್ಕು ನಾಲ್ಕು ಜೋಡಿಸಿ ಮಾರುವ ಸಣ್ಣ ಕಪ್ಪುಗಳ ವಿಷಯದಲ್ಲಿ ಎಚ್ಚರ ವಹಿಸಬೇಕು. ಅವುಗಳಲ್ಲಿ ಹಲವಕ್ಕೆ ಸಕ್ಕರೆಯ ಜೊತೆಗೆ ಪ್ರಾಣಿಜನ್ಯವಾದ ಜೆಲಟಿನ್ ಕೂಡ ಸೇರಿರುತ್ತದೆ. ನನ್ನ ತಕರಾರು ಇಷ್ಟೇ: 400 ಗ್ರಾಂ ನಮ್ಮ ಮನೆಯಲ್ಲಿ ಒಂದು ದಿನಕ್ಕೂ ಸಾಲುವುದಿಲ್ಲ, ಮತ್ತು ಮಜ್ಜಿಗೆಹುಳಿಗೆ ಬೇಕಾದಷ್ಟು ಹುಳಿ ಅದರಲ್ಲಿ ಇರುವುದಿಲ್ಲ.

ಕ್ಯಾಸ್ಪಿಯನ್ ಮೊಸರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಹೊಸದಾಗಿ ಬಂದವರಿಗೆ ಎಲ್ಲರೂ ಮೊದಲು ಸೂಚಿಸುವುದು ಅದನ್ನೇ. ವೈದ್ಯ ವಿಜ್ಞಾನಿ ಯಾಮೋರಿ ಯುಕಿಯೋ ಅವರು ದೀರ್ಘಾಯುಷಿಗಳ ಆಹಾರಕ್ರಮವನ್ನು ಅಧ್ಯಯನ ಮಾಡಲು ಹೋದಾಗ, 1986ರಲ್ಲಿ, ಕಾಕಸಸ್ ಸೀಮೆಯ ಜಾರ್ಜಿಯಾದಿಂದ ಜಪಾನಿಗೆ ತಂದ ಹೆಪ್ಪು ಇದು. ಇದರಲ್ಲಿನ ಬ್ಯಾಕ್ಟೀರಿಯಾ 20ರಿಂದ 30 ಡಿಗ್ರಿ ಉಷ್ಣತೆಯಲ್ಲೇ ಬೆಳೆಯುವುದರಿಂದ ಹಾಲನ್ನು ಬೆಚ್ಚಗಿಡುವ ಗೋಜಿಲ್ಲ. ಸ್ವಚ್ಛವಾದ ಪಾತ್ರೆಯಲ್ಲಿ ಹಾಲಿಗೆ ಹೆಪ್ಪು ಬೆರೆಸಿ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಮರುದಿನಕ್ಕೆ ಗಟ್ಟಿಯಾದ, ಹುಳಿ ಬಹಳ ಕಡಿಮೆಯಿರುವ ಮೊಸರು ಸಿದ್ಧವಾಗಿರುತ್ತದೆ.

ತೊಡಕು ಎದುರಾಗುವುದು ಚಮಚ ಹಾಕಿದಾಗ. ಈ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂಟಿನಂತಹ ಒಂದು ಪದಾರ್ಥವನ್ನು ಉತ್ಪಾದಿಸುವುದರಿಂದ ಮೊಸರು ಪಾತ್ರೆಯಿಂದ ತಟ್ಟೆಯವರೆಗೆ ನೂಲು ಬಿಡುತ್ತಾ ಬರುತ್ತದೆ. ನಾಟ್ಟೋ ಎಂಬ ಹುದುಗಿಸಿದ ಸೋಯಾ ಕಾಳು, ತುರಿದ ಕಾಡುಗೆಣಸು, ಹಸಿ ಬೆಂಡೆಕಾಯಿ ಮುಂತಾದ ಲೋಳೆಯ ಪದಾರ್ಥಗಳನ್ನು ಪ್ರೀತಿಯಿಂದ ತಿನ್ನುವ ಜಪಾನೀಯರಿಗೆ ಇದೊಂದು ಗುಣ. ನಮ್ಮಲ್ಲಾದರೋ ನೂಲು ಬಿಟ್ಟ ಮೊಸರನ್ನು ಕೆಟ್ಟಿತೆಂದು ಚೆಲ್ಲುವುದು ರೂಢಿ. ಚೆಲ್ಲಬೇಕೆನ್ನುವ ಕೈಯನ್ನು ತಡೆದು ಉಂಡರೂ ತೊಂದರೆ ಮುಗಿಯುವುದಿಲ್ಲ. ಕಡೆದರೆ ನೂಲು ತುಂಡಾಗುತ್ತದೆಯೇ ಹೊರತು ಲೋಳೆ ಹೋಗುವುದಿಲ್ಲ; ನೀರು ಬೆರೆಸಿದ ಮಜ್ಜಿಗೆ ಗಂಜಿಯಂತೆ ಗಂಟಲಿಗಿಳಿಯುತ್ತದೆ. ಮೊಸರನ್ನಕ್ಕೆ ಕಲಸಿದರಂತೂ, ಮೊದಲೇ ಅಂಟಾಗಿರುವ ಜಪಾನೀ ಅಕ್ಕಿಯ ಅನ್ನವೂ ಈ ಮೊಸರೂ ಒಂದಕ್ಕೊಂದು ಹಿಡಿದುಕೊಂಡು ತುತ್ತು ಬೆರಳು ಬಿಡುವುದಿಲ್ಲ. ಒಗ್ಗರಣೆಯ ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿಗಳಿಂದ ರುಚಿಯನ್ನು ಸರಿಪಡಿಸಬಹುದು, ಜಿಗುಟನ್ನು ಸರಿಪಡಿಸಲಾಗದು.

ಕಾಲಮಾನವೂ ಅದಕ್ಕೆ ಒದಗಿಬರುವುದಿಲ್ಲ. ಟೋಕಿಯೋದ ಆಗಸ್ಟಿನಲ್ಲಿ ಮುಚ್ಚಿದ ಮನೆಯೊಳಗಿನ ಉಷ್ಣತೆ ಸುಲಭವಾಗಿ 30 ಡಿಗ್ರಿಯನ್ನು ದಾಟುತ್ತದೆ; ಜನವರಿಯಲ್ಲಿ ಹೀಟರ್ ಆರಿಸಿ ಮಲಗಿದ ಮೇಲೆ ಅಡುಗೆಮನೆ ರೆಫ್ರಿಜರೇಟರಿಗೆ ಸಮನಾಗುತ್ತದೆ. ಹೀಗಾಗಿ ಯಂತ್ರವೇ ಬೇಡವೆನ್ನುವ ಈ ಮೊಸರು ನಿಶ್ಚಿಂತೆಯಿಂದ ಆಗುವುದು ವಸಂತ ಮತ್ತು ಶರತ್ಕಾಲಗಳಲ್ಲಿ ಮಾತ್ರ.

ಇನ್ನು ಯಂತ್ರದ ವಿಷಯ. ಅಂಗಡಿಯ ಬಲ್ಗೇರಿಯಾ ಮೊಸರನ್ನೇ ಹೆಪ್ಪಾಗಿ ಬಳಸಿ, ಉಷ್ಣತೆಯನ್ನು 42 ಡಿಗ್ರಿಗೆ ಹೊಂದಿಸಿದರೆ ಎಂಟು ಗಂಟೆಯಲ್ಲಿ ಊರಿನ ಮೊಸರಿಗೆ ಹತ್ತಿರವಾದ ಮೊಸರಾಗುತ್ತದೆ. ಇನ್ನೆರಡು ಗಂಟೆ ಬಿಟ್ಟರೆ ಮಜ್ಜಿಗೆಹುಳಿಗೆ ತಕ್ಕ ಹುಳಿ ಬರುತ್ತದೆ. ಇಲ್ಲಿ ಮಾರುವ ಬಹುಪಾಲು ಹಾಲನ್ನು 130 ಡಿಗ್ರಿಯ ಆಸುಪಾಸಿನಲ್ಲಿ ಕ್ಷಣಮಾತ್ರ ಕಾಯಿಸಿ ತುಂಬಿರುವುದರಿಂದ, ಹೊಸದಾಗಿ ಒಡೆದ ಪೆಟ್ಟಿಗೆಯ ಹಾಲನ್ನು ಮತ್ತೆ ಕಾಯಿಸುವ ಅಗತ್ಯ ನನಗೆ ಕಂಡಿಲ್ಲ. ಸ್ವಲ್ಪ ಹಾಲನ್ನು ಬಗ್ಗಿಸಿಕೊಂಡು, ಆ ಜಾಗಕ್ಕೆ ಹೆಪ್ಪನ್ನು ಸೇರಿಸಿ, ಪೆಟ್ಟಿಗೆಯನ್ನೇ ಯಂತ್ರದೊಳಗಿಟ್ಟರೆ ತೊಳೆಯುವ ಪಾತ್ರೆಯೂ ಇರುವುದಿಲ್ಲ. ರೈಸ್ ಕುಕ್ಕರಿನ ಬೆಚ್ಚಗಿಡುವ ಗುಂಡಿಯಿಂದ ಇದೇ ಕೆಲಸವಾಗುತ್ತದೆಂದು ಹೇಳುವವರಿದ್ದಾರೆ. ಅದರ ಉಷ್ಣತೆ 60 ಡಿಗ್ರಿಗೂ ಹೆಚ್ಚಾಗಿರುವುದರಿಂದ ಹೆಪ್ಪು ಸಾಯುತ್ತದೆ. ಇಲ್ಲಿನ ಹಾಲಿನ ಕೊಬ್ಬನ್ನು ಒಡೆದು ಸಮವಾಗಿ ಬೆರೆಸಿರುವುದರಿಂದ ಯಾವ ವಿಧಾನದಲ್ಲೂ ದಪ್ಪ ಕೆನೆಯ ಆಸೆ ಇಟ್ಟುಕೊಳ್ಳಬಾರದು.

ಹಾಲಿನ ಆಯ್ಕೆ ಮಾತ್ರ ಮುಖ್ಯ. ಅಗ್ಗದ ಪೆಟ್ಟಿಗೆಗಳಲ್ಲಿ ಹಲವು ಕೊಬ್ಬು ತೆಗೆದ ಅಥವಾ ಬೇರೆ ಪದಾರ್ಥ ಬೆರೆಸಿದ ಪಾನೀಯಗಳಾಗಿದ್ದು, ಅವುಗಳಿಂದಾದ ಮೊಸರು ನೀರಾಗಿರುತ್ತದೆ. ಜಪಾನಿನ ಕಾಂಜಿ ಲಿಪಿಯನ್ನು ಓದಲು ಬಾರದವರು ಪೆಟ್ಟಿಗೆಯ ಮೇಲಂಚನ್ನು ಬೆರಳಿನಿಂದ ಸವರಿ ನೋಡಬಹುದು: ಏನನ್ನೂ ಬೆರೆಸದ ಶುದ್ಧ ಹಾಲಿನ ಪೆಟ್ಟಿಗೆಗೆ, ದೃಷ್ಟಿಹೀನರು ಗುರುತಿಸಲೆಂದು, ಬಾಯಿಯ ಎದುರು ಬದಿಯಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು ಇರುತ್ತದೆ. ಎಲ್ಲ ತಯಾರಕರೂ ಇದನ್ನು ಹಾಕುವುದಿಲ್ಲವಾದರೂ, ಕಚ್ಚು ಇದ್ದರೆ ಹಾಲು ಹಾಲೇ.

ಖರ್ಚಿನ ಲೆಕ್ಕ ಸರಳವಾಗಿದೆ. ನಮ್ಮ ಬಡಾವಣೆಯಲ್ಲಿ ಒಂದು ಲೀಟರ್ ಹಾಲಿಗೆ ಸುಮಾರು 250 ಯೆನ್; ಅಷ್ಟೇ ಮೊಸರನ್ನು ಡಬ್ಬಗಳಲ್ಲಿ ಕೊಂಡರೆ 450 ಯೆನ್ ಮೀರುತ್ತದೆ. ನಾಲ್ಕು ಸಾವಿರ ಯೆನ್ನಿನ ಆಸುಪಾಸಿನ ಯಂತ್ರದ ಬೆಲೆ ನಮ್ಮಂತಹ ಮನೆಯಲ್ಲಿ ಬೇಗನೆ ಹುಟ್ಟಿಬಿಡುತ್ತದೆ. ಒಬ್ಬರೇ ಇದ್ದು, ಮಧ್ಯಾಹ್ನದ ಊಟವನ್ನು ಹೊರಗೆ ಮಾಡುವವರಿಗೆ ಡಬ್ಬವೇ ಸಾಕು. ಹುಳಿಯನ್ನು ಸಹಿಸದ, ಹಣ್ಣಿನೊಂದಿಗೆ ಮಾತ್ರ ಮೊಸರು ತಿನ್ನುವ ಮಕ್ಕಳಿಗೆ ಕ್ಯಾಸ್ಪಿಯನ್ ಮೊಸರು ಹಿಡಿಸಬಹುದು. ಯಂತ್ರವನ್ನು ಕೊಳ್ಳುವವರು, ತಾವು ತರುವ ಹಾಲಿನ ಪೆಟ್ಟಿಗೆಗೆ ತಿರುಪಿನ ಮುಚ್ಚಳ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಈಚೆಗೆ ಹೆಚ್ಚುತ್ತಿರುವ ಆ ಬಗೆಯ ಪೆಟ್ಟಿಗೆಯ ಕಿರಿದಾದ ಬಾಯಿಯಲ್ಲಿ ಹೆಪ್ಪು ಹಾಕುವ ಚಮಚ ತೂರುವುದಿಲ್ಲ.