ಉಪ್ಪುನೀರಿನ ‘ಫುಲ್ ಸೆಟ್’: ಸಾಮಾನು ಚೆನ್ನ, ಮೀನು ಮಾತ್ರ ಅವಸರ

ಹುಬ್ಬಳ್ಳಿಯ ಅಂಗಡಿಯೊಂದು ಉಪ್ಪುನೀರಿನ ಅಕ್ವೇರಿಯಮ್ಮನ್ನು ‘ಫುಲ್ ಸೆಟ್’ ಎಂದು ಮನೆಗೇ ತಂದು ಕೂರಿಸಿಕೊಡುತ್ತದೆ. 30×18×18 ಇಂಚಿನ ಗಾಜಿನ ಟ್ಯಾಂಕ್, 12 ಕೆ.ಜಿ. ಒಣ ಕಲ್ಲು, 10 ಕೆ.ಜಿ. ಅರಗೊನೈಟ್ ಮರಳು, 4 ಕೆ.ಜಿ. ಸಮುದ್ರದುಪ್ಪಿನ ಮಿಶ್ರಣ, ಒಂದು ಬಾಟಲಿ ಬ್ಯಾಕ್ಟೀರಿಯಾ, ಹೀಟರ್, ಪಂಪು, ಎಲ್‌ಇಡಿ ಲೈಟು, ನೀರಿನ ಉಪ್ಪು ಅಳೆಯುವ ಪ್ಲಾಸ್ಟಿಕ್ ಹೈಡ್ರೋಮೀಟರ್, ಗಾಜಿನ ಮುಚ್ಚಳ. ಇವುಗಳ ಜೊತೆಗೆ ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್. ಮೀನುಗಳೂ ಅದೇ ದಿನ, ಅದೇ ಆಟೋದಲ್ಲಿ ಬರುತ್ತವೆ. ಸಾಮಾನಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಮೀನು ಕೊಡುವ ರೀತಿಗೆ ಒಂದು ಕೊಡುವುದೂ ಕಷ್ಟ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಕೊಡುವುದು ಒಣ ಕಲ್ಲು, ಸಮುದ್ರದಿಂದ ಕಿತ್ತು ತಂದದ್ದಲ್ಲ. ನಮ್ಮ ಕಡಲಿನ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹವಳದ ಕಲ್ಲು ಕಿತ್ತು ಮಾರುವುದು ಅಪರಾಧ. ಕೂರಿಸುವ ಹುಡುಗರು ಕಲ್ಲನ್ನು ಮೊದಲು ಬರಿಯ ಗಾಜಿನ ಮೇಲೆ ನಿಲ್ಲಿಸಿ, ಆಮೇಲೆ ಸುತ್ತ ಮರಳು ಸುರಿಯುತ್ತಾರೆ. ಇದು ಸರಿಯಾದ ಕ್ರಮ. ಮರಳಿನ ಮೇಲೆ ಕಲ್ಲಿಟ್ಟರೆ, ಮುಂದೆ ಮೀನು ಅಡಿಯಲ್ಲಿ ಕೆದರಿದಾಗ ಗುಡ್ಡೆ ಜಾರಿ ಗಾಜಿಗೆ ಬಡಿಯುತ್ತದೆ.

ಇನ್ನು ಉಪ್ಪಿನ ಲೆಕ್ಕ. ಈ ಅಳತೆಯ ಟ್ಯಾಂಕ್ ಅಂಚಿನವರೆಗೆ ತುಂಬಿದರೆ ಸುಮಾರು 159 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು ಉಳಿಯುವುದು 125 ಲೀಟರ್ ಆಸುಪಾಸು. ಸಮುದ್ರದ ಮಟ್ಟಕ್ಕೆ, ಅಂದರೆ 35 ಪಿಪಿಟಿಗೆ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು) ಬರಲು ಲೀಟರಿಗೆ 37–38 ಗ್ರಾಂ ಬೇಕು; ಒಟ್ಟು 4.7 ಕೆ.ಜಿ. ಆಯಿತು. ಕೊಡುವ 4 ಕೆ.ಜಿ. ಹಾಕಿದರೆ ಸಾಂದ್ರತೆ (ಸಿಹಿನೀರು 1.000 ಎಂದಿಟ್ಟುಕೊಂಡ ಅಳತೆಯಲ್ಲಿ) 1.022ರ ಹತ್ತಿರ ನಿಲ್ಲುತ್ತದೆ, ಬೇಕಿರುವುದು 1.025–1.026. ಮೀನಿನ ಅಂಗಡಿಗಳು ಉಪ್ಪಿನ ಖರ್ಚು ಉಳಿಸಲು ತಮ್ಮ ತೊಟ್ಟಿಯನ್ನು 1.020ರಲ್ಲೇ ಓಡಿಸುವುದುಂಟು, ಹಾಗಾಗಿ ಅವರ ಕಣ್ಣಿಗೆ ಈ ಕೊರತೆ ಬೀಳುವುದಿಲ್ಲ. ಹೈಡ್ರೋಮೀಟರ್ ಕೂಡ ನೆರವಿಗೆ ಬಾರದು: ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಉಪ್ಪು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬೇರೆಯಾಗಿ ಒಂದು ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ಸಾಧನ) ಕೊಂಡು, 35 ಪಿಪಿಟಿಯ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ವಾರಕ್ಕೆ 12 ಲೀಟರ್ ನೀರು ಬದಲಿಸಲು ಇನ್ನೂ 450 ಗ್ರಾಂ ಉಪ್ಪು ಹೋಗುತ್ತದೆ. ಆ ಮಾತನ್ನು ಮಾರುವಾಗ ಯಾರೂ ಎತ್ತುವುದಿಲ್ಲ.

ನೀರು ಯಾವುದು? ನಳಕ್ಕೆ ಮಲಪ್ರಭೆಯ ನೀರು ಬಂದ ದಿನ ಸಂಪು ತುಂಬಿಸಿ, ಅದನ್ನೇ ಸುರಿದುಬಿಡುವ ರೂಢಿ ಇದೆ. ಕ್ಲೋರಿನ್ ಇರುತ್ತದೆ, ಬೋರಿನ ನೀರು ಬೆರೆತಿದ್ದರೆ ಗಡಸುತನವೂ ಸೇರುತ್ತದೆ. ಆರ್‌ಓ ನೀರೇ ಬೇಕು. ಅದರಲ್ಲೂ ಅಡುಗೆಮನೆಯ ಆರ್‌ಓದಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ರುಚಿಗೆಂದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಆ ತಿರುಪನ್ನು ಪೂರ್ತಿ ಮುಚ್ಚಿಸಿ. ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರಿಸುವ ಯೋಚನೆ ಬಿಡಿ. ಮಳೆಗಾಲದಲ್ಲಿ ಕಾಳಿ ನದಿ ಸೇರುವ ಕಡೆ ಉಪ್ಪು ಎಷ್ಟೋ ಇಳಿದಿರುತ್ತದೆ. ಅರಬೈಲ್ ಘಟ್ಟ ಹತ್ತಿ ಬರುವಷ್ಟರಲ್ಲಿ ಮುಚ್ಚಿದ ಕ್ಯಾನಿನೊಳಗಿನ ಸೂಕ್ಷ್ಮಜೀವಿಗಳು ಸಾಯತೊಡಗಿರುತ್ತವೆ.

ಈಗ ಮುಖ್ಯ ತಕರಾರು. ‘ಇವತ್ತೇ ಬಿಡ್ರಿ, ಏನೂ ಆಗೂದಿಲ್ಲ, ಗಟ್ಟಿ ಮೀನ ಅದಾವು’ ಎನ್ನುವುದು ಅಂಗಡಿಯ ಮಾತು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ನೆಲೆಸಬೇಕು. ಹೊಸ ಒಣ ಕಲ್ಲಿನಲ್ಲಿ ಅವು ಇಲ್ಲ. ಉಪ್ಪುನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) 8.1–8.3 ಇರುವುದರಿಂದ, ಪಿಎಚ್ ಕಡಿಮೆಯಿರುವ ನೀರಿಗಿಂತ ಇಲ್ಲಿ ಅಮೋನಿಯಾದ ದೊಡ್ಡ ಪಾಲು ವಿಷದ ರೂಪದಲ್ಲಿರುತ್ತದೆ. ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ದಾಟಿಹೋದ ತಪ್ಪು ಇಲ್ಲಿ ದಾಟುವುದಿಲ್ಲ.

ಮಾಡಬೇಕಾದ್ದು ಇಷ್ಟು. ಮೀನಿಲ್ಲದೆ ಟ್ಯಾಂಕ್ ಓಡಿಸಿ. 125 ಲೀಟರಿಗೆ 0.8 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿ ಹಾಕಿದರೆ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷದಲ್ಲಿ ಎರಡು ಪಾಲು) ಆಗುತ್ತದೆ. ಕಲಾಯಿ ಹಾಕುವವರ ನವಸಾಗರವೂ ಇದೇ ಲವಣ, ಆದರೆ ಪೇಟೆಯ ನವಸಾಗರದಲ್ಲಿ ಬೇರೆ ಏನು ಬೆರೆತಿದೆಯೋ ಗೊತ್ತಾಗದು. ಪ್ರಯೋಗಾಲಯದ ರಾಸಾಯನಿಕ ಮಾರುವಲ್ಲಿ ಕೊಳ್ಳಿ. ಬ್ಯಾಕ್ಟೀರಿಯಾ ಬಾಟಲಿ ಸುರಿಯಿರಿ, ಆದರೆ ಏಪ್ರಿಲ್ ಬಿಸಿಲಿನಲ್ಲಿ ಶೆಲ್ಫಿನ ಮೇಲೆ ಕೂತಿದ್ದ ಬಾಟಲಿಯ ಮೇಲೆ ಹೆಚ್ಚು ಭರವಸೆ ಬೇಡ. ಹನಿ ಹಾಕುವ ಟೆಸ್ಟ್ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಅಳೆಯಿರಿ. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಹಳದಿ, ತಿಳಿಹಸಿರುಗಳ ನಡುವಿನ ಅನುಮಾನ ಅಲ್ಲೇ ಅರ್ಧ ತೀರುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಮತ್ತೆ 2 ಪಿಪಿಎಂ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರು. ಆಗ ನೈಟ್ರೇಟ್ ಏರಿರುತ್ತದೆ, ಒಂದು ದೊಡ್ಡ ನೀರು ಬದಲಾವಣೆ ಮಾಡಿ.

ಡ್ಯಾಮ್ಸೆಲ್ ಬೇಡವೆಂದು ಮೊದಲೇ ಹೇಳಿ. ಬದುಕುತ್ತದೆ ನಿಜ, ಆದರೆ ಮೊದಲು ಬಂದದ್ದಕ್ಕೆ ಇಡೀ ಟ್ಯಾಂಕ್ ತನ್ನದೆಂದು ಆಮೇಲೆ ಬಂದವರನ್ನೆಲ್ಲ ಕಚ್ಚುತ್ತದೆ. ಕಲ್ಲು ಬಿಚ್ಚದೆ ಹಿಡಿಯಲೂ ಆಗದು. ಕ್ಲೌನ್ ಜೋಡಿ ಸಾಕು. ಅವು ಹುಟ್ಟುತ್ತಾ ಎಲ್ಲವೂ ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಸಣ್ಣದು ಆರಿಸಿ. ಬೆಳೆದ ಎರಡು ದೊಡ್ಡವನ್ನು ಒಟ್ಟಿಗೆ ಬಿಟ್ಟರೆ ಜಗಳ ಗ್ಯಾರಂಟಿ. ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನು ಕೇಳಿ, ನಿಮ್ಮೆದುರೇ ಕಾಳು ಹಾಕಿಸಿ ನೋಡಿ. ತಿನ್ನದ ಮೀನನ್ನು ಕೊಳ್ಳಬೇಡಿ. ಅನಿಮೋನ್ (ಕ್ಲೌನ್ ಮೀನು ಕಡಲಿನಲ್ಲಿ ಆಸರೆ ಪಡೆಯುವ, ಹೂವಿನಂತೆ ಕಾಣುವ ಜೀವಿ) ಬೇಕೇಬೇಕು ಎಂದು ಅಂಗಡಿಯವರು ಹೇಳಿದರೆ ನಕ್ಕು ಬಿಡಿ, ಕ್ಲೌನಿಗೆ ಅದಿಲ್ಲದೆಯೂ ನಡೆಯುತ್ತದೆ.

ಸೆಟ್‌ನೊಂದಿಗೆ ಬರುವ ಕಾರ್ಡಿನಲ್ಲಿ ‘ಚೀಲ 15 ನಿಮಿಷ ತೇಲಿಸಿ, ಪೂರ್ತಿ ಸುರಿಯಿರಿ’ ಎಂದಿದೆ. ತೇಲಿಸುವುದು ಸರಿ, ಸುರಿಯುವುದು ತಪ್ಪು. ಅಂಗಡಿಯ ನೀರಿನ ಜೊತೆ ರೋಗವೂ ಒಳಗೆ ಬರುತ್ತದೆ. ಮೀನನ್ನು ಮೊದಲು ಬೇರೆಯೇ 40 ಲೀಟರಿನ ತೊಟ್ಟಿಯಲ್ಲಿ 30 ದಿನ ಇಡಿ. ಕಲ್ಲು, ಮರಳು ಬೇಡ. ತಳದಲ್ಲಿ ಎರಡು ಪಿವಿಸಿ ಎಲ್ಬೋ ಹಾಕಿದರೆ ಅಡಗಿಕೊಳ್ಳುತ್ತವೆ. ಅದರ ಫಿಲ್ಟರಿನ ಸ್ಪಂಜನ್ನು ಮಾತ್ರ ಮುಂಚೆಯೇ ದೊಡ್ಡ ಟ್ಯಾಂಕಿನಲ್ಲಿಟ್ಟು, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಸುವಂತೆ ಪಳಗಿಸಿರಬೇಕು. ಚೀಲದ ನೀರು 1.020 ಇದ್ದರೆ ತೊಟ್ಟಿಯನ್ನೂ 1.020ಕ್ಕೇ ಸಿದ್ಧಮಾಡಿ, ಮೀನನ್ನು ಎತ್ತಿ ಬಿಡಿ, ಆಮೇಲೆ ದಿನಕ್ಕೆ 0.001ರಂತೆ ಏರಿಸಿ. ಉಪ್ಪು ಇಳಿದರೆ ಮೀನು ಸಹಿಸುತ್ತದೆ, ಸರಕ್ಕನೆ ಏರಿದರೆ ತಡೆಯುವುದಿಲ್ಲ. ರಾತ್ರಿಯೆಲ್ಲ ಪಾರ್ಸಲಿನಲ್ಲಿ ಬಂದ ಚೀಲವಾದರೆ ಅದಕ್ಕೆ ತೊಟ್ಟಿಯ ನೀರನ್ನು ಗಂಟೆಗಟ್ಟಲೆ ಹನಿಹನಿಯಾಗಿ ಬಿಡುತ್ತ ಕೂರಬೇಡಿ: ಮುಚ್ಚಿದ ಚೀಲದಲ್ಲಿ ಪಿಎಚ್ ಇಳಿದು ಅಮೋನಿಯಾ ಅಷ್ಟು ಅಪಾಯ ಮಾಡದೆ ಇರುತ್ತದೆ, ಬಾಯಿ ಬಿಚ್ಚಿ ಗಾಳಿಯಾಡಿದೊಡನೆ ಪಿಎಚ್ ಏರಿ ಅದೇ ವಿಷವಾಗುತ್ತದೆ.

ಗಾಜಿನ ಮುಚ್ಚಳ ನಮ್ಮ ಬೇಸಿಗೆಗೆ ಆಗಿಬರುವುದಿಲ್ಲ, ಶಾಖ ಒಳಗೇ ಕೂರುತ್ತದೆ. ಬಲೆಯ ಮುಚ್ಚಳ ಮಾಡಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿಸಿದರೆ 2–3 ಡಿಗ್ರಿ ಇಳಿಯುತ್ತದೆ. ಆರಿದಷ್ಟಕ್ಕೆ ಬರಿಯ ಆರ್‌ಓ ನೀರು ಹಾಕಿ, ಉಪ್ಪುನೀರಲ್ಲ. ಹೆಸ್ಕಾಂ ಕರೆಂಟು ಹೋದಾಗ ಬ್ಯಾಟರಿ ಏರ್ ಪಂಪು ಇರಲಿ. ಲೈಟು ಮೀನಿಗೆ ಸಾಕು.

ಅಂಗಡಿ ಕೊಡುವ ಗ್ಯಾರಂಟಿ 24 ಗಂಟೆ. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ಏರಿ ಮೀನು ಮೇಲೆ ಬಂದು ಏದುಸಿರು ಬಿಡುವುದು ಮೂರನೆಯ, ನಾಲ್ಕನೆಯ ದಿನ. ಸೆಟ್ ಕೊಳ್ಳುವುದಾದರೆ ಮೀನಿನ ದುಡ್ಡು ಮುಂಗಡ ಕೊಟ್ಟರೂ ಅಡ್ಡಿಯಿಲ್ಲ, ‘ನೀರು ಟೆಸ್ಟ್ ಆದ ಮೇಲೆ ಮೀನು’ ಎಂದು ಬಿಲ್ಲಿನ ಹಿಂದೆ ಬರೆಸಿ, ಸಹಿ ಹಾಕಿಸಿಕೊಳ್ಳಿ.